ಬಿಟ್ಟ ತರಗತಿಯ ಎಂಟನೆಯವರು

ಪರದೆ ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಬದಲಿರಾಯರೆಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಅವರು ನಿಂತಲ್ಲಿ ನಿಲ್ಲದೆ ಸದಾ ತಿರುಗುತ್ತಿದ್ದುದರಿಂದ ಅವರ ಬೆನ್ನು ಯಾವ ಕಡೆ, ಮುಖ ಯಾವ ಕಡೆ ಎಂದು ಕರೆಯುವವರಿಗೇ ಗೊಂದಲವಾಗಿ, ಆ ಹೆಸರು ಅವರ ಕಿವಿಗೂ ಬಿದ್ದು, ಕೊನೆಗೆ ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು.

ಹೆಸರು ಸುಮ್ಮನೆ ಬಂದದ್ದಲ್ಲ. ಹೊಸ ಚಪ್ಪಲಿ ಕೊಂಡರೆ ಮನೆ ತಲುಪುವ ಮೊದಲೇ ಆ ಇನ್ನೊಂದು ಜೊತೆಯೇ ಚೆನ್ನಾಗಿತ್ತು ಅನ್ನಿಸಿ ಹಿಂದಿರುಗುವರು. ಕ್ಷೌರದಂಗಡಿಯಲ್ಲಿ ಅರ್ಧ ತಲೆ ಮುಗಿದ ಮೇಲೆ "ಬೇರೆ ಥರ ಮಾಡಿಬಿಡಿ" ಎನ್ನುವರು. ಹೋಟೆಲಿನ ಮಾಣಿ ಅವರು ಮೊದಲ ಸಲ ಹೇಳಿದ್ದನ್ನು ತಲೆಗೇ ಹಾಕಿಕೊಳ್ಳುತ್ತಿರಲಿಲ್ಲ. ಮೂರನೆಯ ಸಲ ಹೇಳುವವರೆಗೆ ಪಕ್ಕದ ಟೇಬಲು ಒರೆಸುತ್ತ ಕಾಯುತ್ತಿದ್ದ. ಇಷ್ಟಾದರೂ ಅವರ ಸ್ವಂತ ಅಂಗಡಿಯಲ್ಲಿ ಮಾತ್ರ 'ಕತ್ತರಿಸಿದ ಬಟ್ಟೆ ವಾಪಸ್ ಇಲ್ಲ' ಎಂಬ ದೊಡ್ಡ ಹಲಗೆ ತೂಗುತ್ತಿತ್ತು. ಇದನ್ನು ಯಾರೂ ಕಪಟ ಎನ್ನಬಾರದು. ರೋಗದ ಪರಿಚಯ ಇರುವವರೇ ಮುಂಜಾಗ್ರತೆ ವಹಿಸುವುದು.

ಇಂಥವರು ಐವತ್ತರ ಹೊಸ್ತಿಲಲ್ಲಿ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದ್ದಕ್ಕೆ ವಿದ್ಯಾದಾಹ ಕಾರಣವಲ್ಲ, ನಾದಿನಿ ಕಾರಣ. ಹೆಂಡತಿಯ ಈ ತಂಗಿ ಸಸ್ಯಶಾಸ್ತ್ರ ಓದಿ, ವರ್ಷಕ್ಕೊಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡಿ, ವರ್ಷದ ಕೊನೆಗೆ "ಮುಂದಿನ ಸಲ ನೋಡೋಣ" ಎಂಬ ಮಾತು ಕೇಳಿಸಿಕೊಂಡೂ ಕೇಳಿಸಿಕೊಂಡೂ, ಈಗ ಬದಲಿರಾಯರ ನಡುಮನೆಯ ಸೋಫಾದ ಮೇಲೆ ಮಲಗುವ ಹಂತ ತಲುಪಿದ್ದಳು. ಈ ಸಲ ವಿಶ್ವವಿದ್ಯಾಲಯ ಅವಳಿಗೆ 'ಪಾಚಿ ಮತ್ತು ಹಾವಸೆ' ಎಂಬ ಹೊಸ ವಿಷಯ ಕೊಟ್ಟಿತ್ತು. ಶರತ್ತು ಒಂದೇ. ವಿದ್ಯಾರ್ಥಿಗಳು ವಿಷಯ ಬಿಡಲು, ಸೇರಲು ಇರುವ ಅವಧಿ ಮುಗಿಯುವ ಸಂಜೆ ಅವಳ ತರಗತಿಯಲ್ಲಿ ಎಂಟು ಮಂದಿ ಇರಬೇಕು. ಇದ್ದರೆ ಕೆಲಸ ಕಾಯಂ. ಏಳೇ ಇದ್ದರೆ ವಿಷಯ ರದ್ದು, ಅದರ ಜೊತೆಗೆ ಅವಳೂ ರದ್ದು.

"ಪಾಚಿ ಓದೋಕೆ ಎಂಟು ಜನ ಎಲ್ಲಿಂದ ತರಲಿ ಅಕ್ಕಾ?" ಎಂದು ಅವಳು ಕೇಳಿದಾಗ ಅಕ್ಕ ತಲೆಯೆತ್ತಿ ಗಂಡನ ಕಡೆ ನೋಡಿದಳು. ಅವರು ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ಬಾಗಿಲ ಹತ್ತಿರಕ್ಕೆ ಎಳೆಯುತ್ತಿದ್ದರು.

"ಒಬ್ಬರು ಇಲ್ಲೇ ಇದಾರಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟು ಬಂದೋರು. ಹೋಗಿ ಮುಗಿಸಲಿ."

"ಅಂಗಡಿ ಯಾರು ನೋಡ್ಕೋತಾರೆ?" ಎಂದರು ಬದಲಿರಾಯರು.

"ಅಂಗಡೀಲಿ ನೀವು ಕೂತಿದ್ದು ಯಾವಾಗ? ರೀ, ಬಾಯಿ ಮುಚ್ಕೊಂಡು ಹೋಗಿ ಸೇರ್ಕೊಳ್ಳಿ."

ಆಕೆ ದಂತವೈದ್ಯರೊಬ್ಬರ ಬಳಿ ಸಹಾಯಕಿ. ದಿನವಿಡೀ ಜನರಿಗೆ ಬಾಯಿ ತೆಗೆಯಲು ಹೇಳುವ ಕೆಲಸವಾದ್ದರಿಂದ ಮನೆಗೆ ಬಂದ ಮೇಲೆ ಅದರ ತದ್ವಿರುದ್ಧ ಹೇಳುವುದರಲ್ಲಿ ಅವಳಿಗೆ ವಿಶ್ರಾಂತಿ ಸಿಗುತ್ತಿತ್ತು. ಬದಲಿರಾಯರು ಹೋಗಿ ಸೇರಿಕೊಂಡರು.

ಸೇರಿದ ದಿನ ಕೈಗೆ ಬಂದ ನಿಯಮಗಳ ಹಾಳೆಯನ್ನು ಓದಿದಾಗ ಅವರ ಕಣ್ಣು ತುಂಬಿ ಬಂತು. ಸಂಜೆಯ ವಿದ್ಯಾರ್ಥಿ ಕನಿಷ್ಠ ನಾಲ್ಕು ವಿಷಯ ತೆಗೆದುಕೊಳ್ಳಬೇಕು. ಆದರೆ ಮೊದಲ ಎರಡು ವಾರ ಯಾವ ವಿಷಯವನ್ನಾದರೂ ಬಿಡಬಹುದು, ಅದರ ಬದಲಿಗೆ ಯಾವುದನ್ನಾದರೂ ಸೇರಬಹುದು. ಅಂಕಪಟ್ಟಿಯಲ್ಲಿ ಅದರ ಕಲೆಯೂ ಉಳಿಯುವುದಿಲ್ಲ. ಜೀವನದುದ್ದಕ್ಕೂ ಯಾವ ಗುಣಕ್ಕಾಗಿ ಜನರಿಂದ ಬೈಸಿಕೊಂಡಿದ್ದರೋ ಅದೇ ಗುಣವನ್ನು ಇಷ್ಟು ದೊಡ್ಡ ಸಂಸ್ಥೆಯೊಂದು ಮುದ್ರೆ ಹಾಕಿ ಒಪ್ಪಿಕೊಂಡಿತ್ತು. ಅದನ್ನು ಅವರು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು.

"ಅದು ಬೇರೆಯವರಿಗೆ," ಎಂದಳು ಹೆಂಡತಿ.

ಮೊದಲ ವಾರ ಬದಲಿರಾಯರು ಪಾಚಿಯೊಂದನ್ನು ಮುಟ್ಟದೆ ಉಳಿದ ಮೂರನ್ನೂ ಮಗುಚಿ ಹಾಕಿದರು. ಅರ್ಥಶಾಸ್ತ್ರ ಬಿಟ್ಟು ನಾಣ್ಯಶಾಸ್ತ್ರ, ನಾಣ್ಯಶಾಸ್ತ್ರ ಬಿಟ್ಟು ತರ್ಕ, ತರ್ಕದ ಮೊದಲ ಪಾಠ ಕೇಳಿ ಮತ್ತೆ ಅರ್ಥಶಾಸ್ತ್ರ. ನೋಂದಣಿ ಕಚೇರಿಯ ಕಿಟಕಿಯ ಹಿಂದೆ ಕೂರುವ ಗುಮಾಸ್ತರಿಗೆ ಇವರ ಹೆಜ್ಜೆ ಸದ್ದೇ ಗುರುತಾಗಿಹೋಯಿತು. ಗುಮಾಸ್ತರು ಮುಖದಲ್ಲಿ ಒಂದು ಗೆರೆಯೂ ಅಲುಗದ ಮನುಷ್ಯ. ನಿಯಮದಲ್ಲಿ ನಗುವಿನ ಪ್ರಸ್ತಾಪ ಇಲ್ಲದಿದ್ದುದರಿಂದ ಅವರು ಅದರ ತಂಟೆಗೆ ಹೋದವರಲ್ಲ.

"ಬಿಡೋದಾ, ಸೇರೋದಾ?"

"ಎರಡೂ," ಎಂದರು ಬದಲಿರಾಯರು.

"ಮೊದಲು ಸೇರಿ, ಆಮೇಲೆ ಬಿಡಿ. ಮೊದಲೇ ಬಿಟ್ಟರೆ ನಿಮ್ಮ ಹತ್ರ ಮೂರೇ ಉಳಿಯುತ್ತೆ. ನಾಲ್ಕಕ್ಕಿಂತ ಕಮ್ಮಿ ಇದ್ದೋರು ವಿದ್ಯಾರ್ಥಿ ಅಲ್ಲ. ವಿದ್ಯಾರ್ಥಿ ಅಲ್ಲದೋರು ಯಾವುದಕ್ಕೂ ಸೇರೋ ಹಾಗಿಲ್ಲ."

"ಒಂದೇ ನಿಮಿಷ ತಾನೇ ಸ್ವಾಮಿ?"

"ಆ ಒಂದು ನಿಮಿಷ ನೀವು ಹೊರಗಿನೋರು. ಹೊರಗಿನೋರು ಈ ಕಿಟಕಿ ಮುಂದೆ ನಿಲ್ಲೋ ಹಾಗೂ ಇಲ್ಲ."

ಇಷ್ಟರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ತೊಂದರೆ ಶುರುವಾದದ್ದು ಬೀದಿಯಲ್ಲಿ. ಬದಲಿರಾಯರು ವಿಶ್ವವಿದ್ಯಾಲಯ ಸೇರಿದ ಸುದ್ದಿ ಹಬ್ಬಿದ ಮೇಲೆ ಎದುರುಮನೆಯ ವಕೀಲರು ಅಂಗಡಿಗೆ ಬಂದು, ಕಿಟಕಿ ಪರದೆಯ ಬಟ್ಟೆ ಮುಟ್ಟಿ ನೋಡುತ್ತ ಕೇಳಿದರು: "ಏನು ಓದ್ತಾ ಇದೀರಿ?"

"ಪಾಚಿ."

ವಕೀಲರು ಬಟ್ಟೆಯಿಂದ ಕೈ ತೆಗೆದು ಒರೆಸಿಕೊಂಡರು. ಆಮೇಲೆ, "ನಮ್ಮ ಮನೆ ನೀರಿನ ತೊಟ್ಟೀಲಿ ಬೇಕಾದಷ್ಟಿದೆ. ಬಂದು ಓದ್ಕೊಂಡು ಹೋಗಿ. ಓದಿ ಆದಮೇಲೆ ಉಜ್ಜಿಬಿಟ್ಟರೆ ಇನ್ನೂ ಒಳ್ಳೇದು," ಎಂದರು.

ಮರುದಿನ ಮಹಡಿಮನೆಯ ಅಜ್ಜಿ ಅವರನ್ನು ಕೈಹಿಡಿದು ತನ್ನ ಬಚ್ಚಲಿಗೆ ಕರೆದೊಯ್ದು, ತಾನು ಜಾರಿಬಿದ್ದ ಜಾಗ ತೋರಿಸಿ, "ಇದು ಯಾವ ಜಾತೀದು ಹೇಳಪ್ಪಾ, ಬೈಯೋಕಾದ್ರೂ ಒಂದು ಹೆಸರು ಬೇಕು," ಎಂದಳು. ಆಕೆಯ ಮಗ ಬಕೆಟ್ಟು, ಪೊರಕೆಗಳನ್ನು ತಂದು ಗೌರವದಿಂದ ಅವರ ಪಕ್ಕದಲ್ಲಿಟ್ಟ. ವಕೀಲರ ಹೆಂಡತಿ ಗಾಜಿನ ಬಾಟಲಿಯಲ್ಲಿ ಹಸಿರು ನೀರು ತುಂಬಿಸಿ ಅಂಗಡಿಗೆ ಕಳಿಸಿ, ಸಂಜೆಯೊಳಗೆ ವರದಿ ಬೇಕೆಂದು ಹೇಳಿಸಿದಳು. ಗಿರಾಕಿಗಳು ಬಾಟಲಿಯನ್ನು ನೋಡಿ, ಅದರ ಪಕ್ಕದಲ್ಲಿದ್ದ ಹಸಿರು ಪರದೆಯನ್ನು ನೋಡಿ, ಬೇರೆ ಬಣ್ಣ ಇದೆಯೇ ಎಂದು ಕೇಳತೊಡಗಿದರು.

ಬದಲಿರಾಯರಿಗೆ ಸಹಿಸಲಾಗಲಿಲ್ಲ. ಖಗೋಳಶಾಸ್ತ್ರದಲ್ಲಿ ಜಾಗ ಖಾಲಿ ಇತ್ತು. ನಕ್ಷತ್ರ ಓದುವವನ ಹತ್ತಿರ ಬಕೆಟ್ಟು ಹಿಡಿದು ಯಾರೂ ಬರುವುದಿಲ್ಲ. ಕಚೇರಿಯ ಹೊರಗೆ ಪ್ರತಿ ಸಂಜೆ ಒಂದು ಹಲಗೆಯ ಮೇಲೆ ಯಾವ ವಿಷಯಕ್ಕೆ ಎಷ್ಟು ಮಂದಿ ಎಂದು ಬರೆಯುತ್ತಿದ್ದರು. ಹೆಸರಿಲ್ಲ, ಬರೀ ಸಂಖ್ಯೆ. ಅಂದು ಪಾಚಿಯ ಎದುರು ಒಂಬತ್ತು ಎಂದಿತ್ತು. ಒಂಬತ್ತರಲ್ಲಿ ಒಂದು ಕಳೆದರೆ ಎಂಟು. ಎಂಟು ಸಾಕಲ್ಲ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ಅವರಿಗೆ ತಮ್ಮ ಮೇಲೇ ಅಭಿಮಾನ ಉಂಟಾಯಿತು.

ಒಂದೇ ಅಡ್ಡಿ. ಬಿಡುವ ಚೀಟಿಗೆ ಪಾಠ ಮಾಡುವವರ ಸಹಿ ಬೇಕು. ಪಾಠ ಮಾಡುವವಳು ಮನೆಯ ಸೋಫಾದ ಮೇಲೆ ಮಲಗುವವಳು. ಆದರೆ ನಿಯಮದಲ್ಲಿ 'ಅಥವಾ ವಿಭಾಗದ ಮುಖ್ಯಸ್ಥರು' ಎಂದೂ ಇತ್ತು. ಮುಖ್ಯಸ್ಥರು ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟವರು ನೆಟ್ಟಂತೆಯೇ ಎಡಗೈ ಚಾಚಿ, ಚೀಟಿ ಈಸಿಕೊಂಡು, ಬಲಗೈಯಿಂದ ಸಹಿ ಎಳೆದು, "ಬಾಗಿಲು ಮೆಲ್ಲಗೆ ಹಾಕಿ, ಇದು ಅಲುಗುತ್ತೆ," ಎಂದರು. ಬದಲಿರಾಯರು ಉಸಿರು ಬಿಗಿಹಿಡಿದು ಬಾಗಿಲು ಹಾಕಿಕೊಂಡು ಬಂದರು. ಕಿಟಕಿಯಲ್ಲಿ ಮುದ್ರೆ ಬಿತ್ತು. ಪಾಚಿ ಹೋಗಿ ನಕ್ಷತ್ರ ಬಂತು.

ಇನ್ನು ಮನೆಯವರಿಗೆ ತಿಳಿಯದಂತೆ ಏನು ಮಾಡುವುದು? ಇಲ್ಲಿ ಬದಲಿರಾಯರ ಬುದ್ಧಿ ಸಾಮಾನ್ಯರಿಗೆ ಎಟುಕದ ಎತ್ತರ ಮುಟ್ಟಿತು. ಸೇರುವ ಬಿಡುವ ಗಲಾಟೆ ಮುಗಿದು ಹೆಸರುಗಳ ಪಟ್ಟಿ ಬರುವವರೆಗೆ ತರಗತಿಯಲ್ಲಿ ಯಾರೂ ಹಾಜರಿ ಕರೆಯುವುದಿಲ್ಲ. ಆದ್ದರಿಂದ ಅವರು ಬಿಟ್ಟ ತರಗತಿಗೆ ದಿನಾ ಹೋಗಿ ಕೂತರು.

ಕೂತರು ಎಂಬ ಮಾತನ್ನು ಒತ್ತಿ ಹೇಳಬೇಕು. ನಕ್ಷತ್ರದ ತರಗತಿಯಲ್ಲಿ ಅವರು ಹತ್ತು ಸಲ ಗಡಿಯಾರ ನೋಡುವರು, ಕಾಲು ಕುಣಿಸುವರು, ಪಕ್ಕದವರ ಪೆನ್ನು ಬೀಳಿಸುವರು. ಪಾಚಿಯ ತರಗತಿಯಲ್ಲಿ ಮಾತ್ರ, ಅಲ್ಲಿ ತಮಗೆ ಏನೂ ಸಂಬಂಧವಿಲ್ಲ, ಬೇಕೆಂದಾಗ ಎದ್ದು ಹೋಗಬಹುದು ಎಂಬ ಅರಿವಿನಿಂದಲೇ, ಎದ್ದು ಹೋಗುವ ಮನಸ್ಸಾಗುತ್ತಿರಲಿಲ್ಲ. ಗೋಡೆಗೆ ಅಂಟಿದ ಹಾವಸೆ ಬೇರಿಲ್ಲದೆ ನೀರನ್ನು ಹೇಗೆ ಹೀರುತ್ತದೆ ಎಂದು ನಾದಿನಿ ಹೇಳುವಾಗ ಬಾಯಿ ತೆರೆದು ಕೇಳಿದರು. ಪ್ರಶ್ನೆ ಕೇಳಿದರು. ಮನೆಗೆ ಬಂದು ಹೆಂಡತಿಗೆ ಪಾಠ ಒಪ್ಪಿಸಿದರು. "ಕೊನೆಗೂ ಒಂದು ಕಡೆ ನಿಂತ್ರಲ್ಲ," ಎಂದು ಆಕೆಯೂ ಮೆಚ್ಚಿದಳು. ಹೀಗೆ ಆ ತರಗತಿಯ ಅತ್ಯುತ್ತಮ ವಿದ್ಯಾರ್ಥಿ ಆ ತರಗತಿಯಲ್ಲಿ ಇಲ್ಲದವರಾಗಿದ್ದರು.

ಎರಡನೆಯ ವಾರದ ನಡುವೆ ಯಾರೋ ಒಬ್ಬ ನಿಜವಾದ ವಿದ್ಯಾರ್ಥಿ ನೃತ್ಯದ ತರಗತಿಗೆ ಹಾರಿಕೊಂಡ. ಹಲಗೆಯ ಮೇಲೆ ಪಾಚಿ ಏಳಕ್ಕೆ ಇಳಿಯಿತು.

ನಾದಿನಿ ಅಂದು ಬಂದವಳೇ ಚೀಲ ಬಿಸಾಡಿದಳು. "ಅಕ್ಕಾ, ಹಲಗೇಲಿ ಏಳು ಅಂತ ಬರೆದಿದಾರೆ. ನಾನು ದಿನಾ ಎಣಿಸ್ತೀನಿ, ತರಗತೀಲಿ ಎಂಟು ತಲೆ ಇದೆ. ಭಾವ, ನೀವೂ ಇದ್ರಲ್ಲ, ಎಂಟಿತ್ತು ತಾನೇ?"

"ಎಂಟಿತ್ತು," ಎಂದರು ಬದಲಿರಾಯರು. ಇದು ಸುಳ್ಳಲ್ಲ.

"ಹಾಗಾದ್ರೆ ಕಚೇರಿಯೋರೇ ತಪ್ಪು ಬರೆದಿದಾರೆ," ಎಂದಳು ಹೆಂಡತಿ. "ನಡಿ, ನಾನೂ ಬರ್ತೀನಿ."

ಮರುದಿನ ಇಬ್ಬರೂ ಕಿಟಕಿಯ ಮುಂದೆ ನಿಂತರು. ಗುಮಾಸ್ತರು ತಮ್ಮ ದಾಖಲೆ ನೋಡಿ, "ಏಳು," ಎಂದರು. ಅಕ್ಕ "ಎಂಟು" ಎಂದಳು. ಗುಮಾಸ್ತರು ಮತ್ತೆ ನೋಡಿ ಮತ್ತೆ ಏಳು ಎಂದರು. ಹೆಸರು ತೋರಿಸಿ ಎಂದರೆ ಅವಧಿ ಮುಗಿಯುವವರೆಗೆ ಹೆಸರು ಗೋಪ್ಯ ಎಂದರು. "ಹಾಗಾದ್ರೆ ಬಂದು ತಲೆ ಎಣಿಸಿ," ಎಂದು ಅಕ್ಕ ಗುಡುಗಿದಳು. ತಲೆ ಎಣಿಸಬಾರದೆಂಬ ನಿಯಮ ಎಲ್ಲೂ ಇಲ್ಲದಿದ್ದುದರಿಂದ ಗುಮಾಸ್ತರು ಎದ್ದು, ಕಿಟಕಿಗೆ ಬೀಗ ಹಾಕಿ, ಅಕ್ಕತಂಗಿಯರ ಜೊತೆ ಸಂಜೆ ತರಗತಿಗೆ ಬಂದರು.

ಬದಲಿರಾಯರು ಮೂರನೆಯ ಬೆಂಚಿನಲ್ಲಿ ನೋಟ್ಸು ಬರೆಯುತ್ತಿದ್ದರು. ತಲೆಯೆತ್ತಿದಾಗ ಗುಮಾಸ್ತರ ಬೆರಳು ಒಂದೊಂದೇ ತಲೆಯನ್ನು ದಾಟಿ ಬಂದು ತಮ್ಮ ಮುಂದೆ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ದಿನಾ ಕಿಟಕಿಯ ಆಚೆ ಈಚೆ ನೋಡಿಕೊಂಡ ಮುಖಗಳು. ಬದಲಿರಾಯರು ನೋಟ್ಸಿನ ಪುಟ ಮಗುಚಿದರು.

"ತಲೆ ಎಂಟು," ಎಂದರು ಗುಮಾಸ್ತರು. "ದಾಖಲೆ ಏಳು. ಅಂದ್ರೆ ಒಂದು ತಲೆಗೆ ದಾಖಲೆ ಇಲ್ಲ."

"ಯಾವ ತಲೆ?" ಎಂದಳು ಅಕ್ಕ.

"ಗೊತ್ತು. ಹೇಳೋ ಹಾಗಿಲ್ಲ."

ಅಷ್ಟು ಹೇಳಿ ಅವರು ಹೊರಟುಹೋದರು. ಹೋಗುವಾಗ ಬದಲಿರಾಯರಿಗೆ ಒಂದು ಸಣ್ಣ ನಮಸ್ಕಾರವನ್ನೂ ಮಾಡಿದರು. ಅದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಅಕ್ಕನ ಕಣ್ಣು ಆಗಲೇ ಕೊನೆಯ ಬೆಂಚಿನ ಮೇಲೆ ನೆಟ್ಟಿತ್ತು. ಅಲ್ಲಿ ಸಮವಸ್ತ್ರದಲ್ಲೇ ಬಂದ ಬಸ್ ಕಂಡಕ್ಟರೊಬ್ಬರು ಕುಳಿತಿದ್ದರು. ಪುಸ್ತಕವಿಲ್ಲ, ಪೆನ್ನಿಲ್ಲ. ಪಾಠದ ನಡುವೆ ಆಗಾಗ ಕಣ್ಣು ಮುಚ್ಚುತ್ತಿದ್ದರು; ಮುಗಿಯುವ ಮೊದಲೇ ಎದ್ದು "ಡ್ಯೂಟಿ ಇದೆ" ಎಂದು ಹೋಗುತ್ತಿದ್ದರು.

"ರೀ," ಎಂದು ಅಕ್ಕ ಗಂಡನ ಕಿವಿಯಲ್ಲಿ ಕೇಳಿದಳು, "ಆ ಕಂಡಕ್ಟರೇ ತಾನೇ?"

ಮನುಷ್ಯನಿಗೆ ಸತ್ಯ ಹೇಳಲು ಕೆಲವು ಕ್ಷಣಗಳು ದೊರೆಯುತ್ತವೆ. ಬದಲಿರಾಯರಿಗೂ ದೊರೆಯಿತು. "ಇರಬಹುದೇನೋ," ಎಂದರು ಅವರು.

ಅಕ್ಕ ನೇರವಾಗಿ ಕೊನೆಯ ಬೆಂಚಿಗೆ ನಡೆದಳು. "ಏನ್ರೀ, ಬಿಟ್ಟು ಹೋದೋರು ಬಿಟ್ಟೆ ಅಂತ ಹೇಳ್ಬೇಕು. ಹೀಗೆ ಬಂದು ನಿದ್ದೆ ಹೊಡೆದು ನಮ್ಮ ಹುಡುಗಿ ಕೆಲಸಕ್ಕೆ ಕಲ್ಲು ಹಾಕ್ತೀರಾ?"

ತರಗತಿಯೆಲ್ಲ ಹಿಂದೆ ತಿರುಗಿತು. ಕಂಡಕ್ಟರು ನಿಧಾನವಾಗಿ ಎದ್ದರು. "ನಾನು ಇಪ್ಪತ್ತು ವರ್ಷದಿಂದ ಟಿಕೆಟ್ ಇಲ್ಲದೋರನ್ನ ಇಳಿಸ್ತಾ ಬಂದೋನು. ನನ್ನೇ ಟಿಕೆಟ್ ಇಲ್ಲದೋನು ಅಂದ್ರಲ್ಲಮ್ಮಾ."

"ಕಣ್ಣು ಮುಚ್ಕೊಂಡಿದ್ರಲ್ಲ."

"ದಿನವೆಲ್ಲ ಗಿಡ, ಮನೆ, ಜನ ಎಲ್ಲ ಹಿಂದಕ್ಕೆ ಓಡೋದನ್ನೇ ನೋಡ್ತೀನಿ. ಅಲುಗದೆ ಇರೋದು ಏನಾದ್ರೂ ಓದೋಣ ಅಂತ ಪಾಚಿಗೆ ಸೇರಿದೆ. ಕಣ್ಣು ಮುಚ್ಚಿದ್ರೆ ಕಿವಿ ಚೆನ್ನಾಗಿ ಕೇಳುತ್ತೆ ನನಗೆ." ಅವರು ಜೇಬಿನಿಂದ ಒಂದು ಬಿಡುವ ಚೀಟಿ ತೆಗೆದು ನಾದಿನಿಯ ಮುಂದಿಟ್ಟರು. ಎಲ್ಲ ವಿದ್ಯಾರ್ಥಿಗಳಿಗೂ ಮೊದಲ ದಿನವೇ ಒಂದೊಂದು ಖಾಲಿ ಚೀಟಿ ಕೊಟ್ಟಿದ್ದರು. "ಈವರೆಗೆ ಬಿಟ್ಟಿರಲಿಲ್ಲ. ಈಗ ಬಿಡ್ತೀನಿ, ನನಗೆ ಬೇರೆ ನಾಲ್ಕು ವಿಷಯ ಇದೆ. ಸಹಿ ಹಾಕಿ ಮೇಡಂ."

ಗಾಬರಿಯಲ್ಲಿ ನಾದಿನಿ ಸಹಿ ಹಾಕಿಬಿಟ್ಟಳು. ಹಾಕಿದ ಮೇಲೆ ಅವಳಿಗೆ ಹೊಳೆಯಿತು: ಸೇರದವನು ಬಿಡಲಾರ. ಚೀಟಿ ಕೊಟ್ಟನೆಂದರೆ ಆ ಮನುಷ್ಯ ದಾಖಲೆಯಲ್ಲಿದ್ದ. ಆದರೆ ಅಷ್ಟರಲ್ಲಿ ಕಂಡಕ್ಟರು ಮೆಟ್ಟಿಲಿಳಿದು ಹೋಗಿದ್ದರು. ಅದೇ ಸಂಜೆ ಹಲಗೆಯ ಮೇಲೆ ಆರು ಎಂದು ಬಿತ್ತು.

ಕೊನೆಯ ದಿನ ಬೆಳಗ್ಗೆ ನಾದಿನಿ ಸೋಫಾದ ಮೇಲೆ ಸೂಟ್‌ಕೇಸು ತೆರೆದು ಬಟ್ಟೆ ಜೋಡಿಸುತ್ತಿದ್ದಳು. ಪಕ್ಕದೂರಿನ ಟ್ಯೂಷನ್ ಕೇಂದ್ರದವರು ಯಾವಾಗ ಬೇಕಾದರೂ ಬನ್ನಿ ಎಂದಿದ್ದರಂತೆ; ಅಲ್ಲಿ ಮಕ್ಕಳಿಗೆ ಗುಣಿಸುವುದು, ಭಾಗಿಸುವುದು ಹೇಳಿಕೊಡಬೇಕಂತೆ. ಅದನ್ನು ಹೇಳುವಾಗ ಅವಳು ಅಳಲಿಲ್ಲ. ಅಳದೆ ಒಂದೇ ಕುಪ್ಪಸವನ್ನು ನಾಲ್ಕು ಸಲ ಮಡಿಸಿದಳು. ಬದಲಿರಾಯರು ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ನಡುಮನೆಗೆ ಓಡಾಡುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಮತ್ತೆ ಸೇರುವ ಚೀಟಿಯೊಂದು ನಿನ್ನೆಯಿಂದ ಬೆವರಿನಲ್ಲಿ ನೆನೆಯುತ್ತಿತ್ತು. ಅದನ್ನು ಹಿಡಿದು ಅವರು ಮೊದಲು ಹೋದದ್ದು ಸೂಕ್ಷ್ಮದರ್ಶಕದ ಮುಖ್ಯಸ್ಥರ ಬಳಿಗೇ. ಆದರೆ ಬಿಡಲು ಮುಖ್ಯಸ್ಥರ ಸಹಿ ಸಾಕು, ಸೇರಲು ಮಾತ್ರ ಪಾಠ ಮಾಡುವವರದೇ ಬೇಕಂತೆ. ಮುಖ್ಯಸ್ಥರು ಅದನ್ನೂ ಕಣ್ಣೆತ್ತದೆ ಹೇಳಿದ್ದರು.

"ಮೊದಲು ಆ ಕಂಡಕ್ಟರ ಕಾಲು ಹಿಡಿಯೋಣ," ಎಂದಳು ಅಕ್ಕ. "ಅವರು ಬಂದ್ರೆ ಏಳು. ಆಮೇಲೆ ಆ ಕಳ್ಳ ಯಾರು ಅಂತ ಹುಡುಕೋದು. ಸಿಗಲಿ ಅವನು, ಬಾಯಲ್ಲಿ ಒಂದು ಹಲ್ಲು ಉಳಿಸಲ್ಲ."

ಬದಲಿರಾಯರ ನಾಲಗೆ ತಾನಾಗಿಯೇ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡಿತು.

ಕಂಡಕ್ಟರ ಬಸ್ಸನ್ನು ಹುಡುಕಿ, ಎರಡು ಸಲ ತಪ್ಪಿಸಿಕೊಂಡು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೂವರೂ ಹತ್ತಿದರು. ಬಸ್ಸು ಕಿಕ್ಕಿರಿದಿತ್ತು. ಆದರೆ ಅದು ವಿಶ್ವವಿದ್ಯಾಲಯದ ಮುಂದೆಯೇ ಹಾದುಹೋಗುವ ಬಸ್ಸು, ಅಷ್ಟು ಅದೃಷ್ಟ.

"ಟಿಕೆಟ್," ಎಂದರು ಕಂಡಕ್ಟರು, ಮುಖ ನೋಡದೆ.

"ಅಣ್ಣಾ, ತಪ್ಪಾಯ್ತು," ಎಂದಳು ಅಕ್ಕ.

"ತಪ್ಪಿಗೆ ಟಿಕೆಟ್ ಇಲ್ಲಮ್ಮ, ಎಲ್ಲಿಗೆ ಅಂತ ಹೇಳಿ. ಮುಂದೆ ಹೋಗಿ, ಮುಂದೆ ಹೋಗಿ."

ಮೂವರೂ ಮುಂದೆ ಹೋದರು. ಕಂಡಕ್ಟರು ಹಿಂದಕ್ಕೆ ಹೋದರು. ಮೂವರೂ ಹಿಂದೆ ತಿರುಗಿದರು. ಕಂಡಕ್ಟರು ಮುಂದೆ ಬಂದರು. ನಡುವೆ ನಿಂತಿದ್ದ ತರಕಾರಿ ಚೀಲದ ಹೆಂಗಸು, "ಯಾರಾದ್ರೂ ಒಬ್ಬರು ನಿಲ್ರಪ್ಪಾ, ನನ್ನ ಟೊಮೇಟೊ ಹಣ್ಣು ರಸ ಆಗ್ತಿದೆ," ಎಂದಳು.

ನಾದಿನಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಅವರಿಗೆಂದು ತಂದಿದ್ದ ಸೇರುವ ಚೀಟಿ ಚಾಚಿ, ಸಣ್ಣ ದನಿಯಲ್ಲಿ ಹೇಳಿದಳು: "ಸರ್, ಇವತ್ತು ಸಂಜೆ ಕಿಟಕಿ ಮುಚ್ಚುತ್ತೆ. ನೀವು ಬಂದ್ರೆ ಒಬ್ಬರು ಸಿಕ್ತಾರೆ ಅಂತಲ್ಲ. ನನ್ನ ಪಾಠ ಕಣ್ಣು ಮುಚ್ಚಿ ಕೇಳ್ತಿದ್ದೋರು ನೀವೊಬ್ಬರೇ. ವಾಪಸ್ ಬನ್ನಿ."

ಕಂಡಕ್ಟರ ಮುಖ ಸಡಿಲವಾಯಿತು. ಆದರೂ ತಲೆ ಅಲ್ಲಾಡಿಸಿದರು. "ಹೇಗೆ ಬರಲಿ ಮೇಡಂ? ಎಲ್ಲರ ಮುಂದೆ ಕಳ್ಳ ಅನ್ನಿಸ್ಕೊಂಡೆ. ಆ ಇನ್ನೊಬ್ಬ ಯಾರು ಅಂತ ಗೊತ್ತಾಗೋವರೆಗೂ ತರಗತಿಯೆಲ್ಲ ನನ್ನೇ ನೋಡುತ್ತೆ."

"ಯಾರು ಅಂತ ಗೊತ್ತಾಗ್ತಿಲ್ವಲ್ಲಣ್ಣಾ," ಎಂದಳು ಅಕ್ಕ.

ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು. ಬದಲಿರಾಯರು ಒಂದು ಕಂಬಿ ಬಿಟ್ಟು ಇನ್ನೊಂದು ಹಿಡಿದರು. ಅದನ್ನು ಬಿಟ್ಟು ಮೊದಲಿನದನ್ನೇ ಹಿಡಿದರು. ಆಮೇಲೆ ಎರಡನ್ನೂ ಬಿಟ್ಟು ಜೇಬಿಗೆ ಕೈ ಹಾಕಿದರು.

"ನಾನು," ಎಂದರು.

"ನೀವೇನ್ರೀ?" ಎಂದಳು ಹೆಂಡತಿ.

"ಬಿಟ್ಟಿದ್ದು ನಾನು." ಒದ್ದೆ ಚೀಟಿಯನ್ನು ಅವರು ನಾದಿನಿಯ ಕಡೆ ಚಾಚಿದರು. "ಬಿಟ್ಟು ದಿನಾ ಬಂದು ಕೂತಿದ್ದೂ ನಿನ್ನ ಭಾವನೇ. ಒಂಬತ್ತಿತ್ತು ಕಣಮ್ಮಾ ಆವತ್ತು. ಒಂಬತ್ತರಲ್ಲಿ ಒಂದು ಕಳೆದ್ರೆ ಎಂಟು."

ಮೊದಲು ಮಾತಾಡಿದವನು ಡ್ರೈವರು. ಕನ್ನಡಿಯಲ್ಲಿ ನೋಡುತ್ತ, "ಏನಂತೆ? ಜೋರಾಗಿ ಹೇಳಿ, ಮುಂದೆ ಕೇಳಿಸ್ತಿಲ್ಲ," ಎಂದ. ತರಕಾರಿ ಚೀಲದ ಹೆಂಗಸು ಎಲ್ಲರಿಗೂ ಕೇಳುವಂತೆ ವಿವರಿಸಿದಳು: "ಈ ಯಜಮಾನ್ರು ನಾದಿನಿ ಸ್ಕೂಲು ಬಿಟ್ಟಿದಾರೆ. ಬಿಟ್ಟು ದಿನಾ ಹೋಗಿದಾರೆ. ತಪ್ಪು ಈ ಕಂಡಕ್ಟರಪ್ಪನ ತಲೆಗೆ ಕಟ್ಟಿದಾರೆ." ಕಿಟಕಿ ಪಕ್ಕ ಕೂತಿದ್ದ ಮುದುಕರೊಬ್ಬರು, "ಬಿಟ್ಟವನು ದಿನಾ ಯಾಕೆ ಹೋದ?" ಎಂದು ನ್ಯಾಯಾಧೀಶರ ಗತ್ತಿನಲ್ಲಿ ಕೇಳಿದರು.

"ನಾನೂ ಅದನ್ನೇ ಕೇಳ್ತೀನಿ ಭಾವ," ಎಂದಳು ನಾದಿನಿ. "ಅಷ್ಟು ಪ್ರಶ್ನೆ ಕೇಳ್ತಿದ್ದೋರು ನೀವೊಬ್ಬರೇ. ನಿಮಗೋಸ್ಕರ ನಾನು ಎರಡೆರಡು ಸಲ ತಯಾರಾಗಿ ಬರ್ತಿದ್ದೆ."

"ಬಿಟ್ಟ ಮೇಲೇ ಚೆನ್ನಾಗಿ ಅರ್ಥ ಆಗೋಕೆ ಶುರುವಾಯ್ತಮ್ಮಾ."

"ರೀ," ಎಂದಳು ಹೆಂಡತಿ, ತುಂಬ ಶಾಂತವಾಗಿ, "ಬಾಯಿ ತೆಗೀರಿ."

ಅವರು ತೆಗೆಯಲಿಲ್ಲ. ಮುದುಕರು ಎದ್ದು ನಿಂತು ಆಕೆಗೆ ತಮ್ಮ ಸೀಟು ಬಿಟ್ಟುಕೊಟ್ಟು, "ಕೂತ್ಕೋ ತಾಯಿ, ಮನೆಗೆ ಹೋಗಿ ಮಾಡೋದು ಮನೇಲಿ ಮಾಡು," ಎಂದರು. ಅಷ್ಟರಲ್ಲಿ ಕಂಡಕ್ಟರು ನಗತೊಡಗಿದ್ದರು. ಟಿಕೆಟ್ ಚೀಲ ಕುಲುಕುವಂತೆ ನಕ್ಕು, ಕಣ್ಣೊರೆಸಿಕೊಂಡು, "ಟಿಕೆಟ್ ತಗೊಳ್ಳದೆ ಹತ್ತಿದೋರನ್ನ ನೋಡಿದೀನಿ. ಟಿಕೆಟ್ ವಾಪಸ್ ಕೊಟ್ಟು ಕೊನೇ ಸ್ಟಾಪ್‌ವರೆಗೂ ಕೂತೋರನ್ನ ಇವತ್ತೇ ನೋಡಿದ್ದು," ಎಂದರು. "ಎರಡು ಚೀಟಿಗೂ ಸಹಿ ಹಾಕಿಬಿಡಿ ಮೇಡಂ. ನಂದಕ್ಕೂ, ಈ ಮಹಾನುಭಾವರದಕ್ಕೂ."

ನಾದಿನಿ ಭಾವನ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಹರಿದು ಹಾಕಿಬಿಡುವಳೇನೋ ಎಂದು ಬಸ್ಸೆಲ್ಲ ಕತ್ತು ಚಾಚಿತು. ಕೊನೆಗೆ ಎರಡನ್ನೂ ಸೀಟಿನ ಬೆನ್ನಿಗೆ ಒತ್ತಿ ಸಹಿ ಹಾಕಿದಳು. ಬಸ್ಸಿನ ಕುಲುಕಾಟದಲ್ಲಿ ಅವಳ ಹೆಸರು ಬೆಟ್ಟ ಹತ್ತಿ ಕಣಿವೆಗೆ ಇಳಿಯಿತು.

ಮುಂದಿನದು ಓಟ. ಚೌಕದಲ್ಲಿ ವಾಹನಗಳು ಸಿಕ್ಕಿಕೊಂಡು ಬಸ್ಸು ನಿಂತುಬಿಟ್ಟಿತು. ಡ್ರೈವರು ಹಾರನ್ ಒತ್ತಿಹಿಡಿದ. ಮುದುಕರು ಇಳಿದು ದಾರಿ ಬಿಡಿಸಲು ಹೋಗಿ ಒಬ್ಬ ಸೈಕಲ್ಲಿನವನೊಂದಿಗೆ ಜಗಳ ಹೂಡಿದರು. ಕೊನೆಗೂ ಬಸ್ಸು ವಿಶ್ವವಿದ್ಯಾಲಯದ ಮುಂದೆ ನಿಂತಾಗ ಕಂಡಕ್ಟರು ಉದ್ದಕ್ಕೆ ಸೀಟಿ ಊದಿ, "ಯಾರೂ ಇಳೀಬೇಡಿ, ಎರಡು ನಿಮಿಷ," ಎಂದು ಹೇಳಿ ಜಿಗಿದರು. ಅರ್ಧ ಬಸ್ಸು ಅವರ ಹಿಂದೆ ಇಳಿಯಿತು.

ಗುಮಾಸ್ತರ ಕೈ ಕಿಟಕಿಯ ಬಾಗಿಲ ಮೇಲಿತ್ತು. ಗಡಿಯಾರ ನೋಡಿ ಕೈ ಕೆಳಗಿಳಿಸಿ, ಮೊದಲು ಕಂಡಕ್ಟರ ಚೀಟಿ ಪಡೆದರು. "ಈ ಸಹಿ ಹೋಲೋದಿಲ್ಲ."

"ಬಸ್ಸಲ್ಲಿ ಹಾಕಿದ್ದು," ಎಂದಳು ನಾದಿನಿ.

"ನಿಂತ ನೆಲದ ಮೇಲೆ ನಿಂತು ಹಾಕಿ."

ಅವಳು ಹಾಕಿದಳು. ಕೆಳಗೆ ಕಾರಣದ ಜಾಗದಲ್ಲಿ ಕಂಡಕ್ಟರು ಬಸ್ಸಿನಲ್ಲೇ 'ತಪ್ಪು ತಿಳುವಳಿಕೆ' ಎಂದು ಬರೆದಿದ್ದರು. ಮುದ್ರೆ ಬಿತ್ತು. ಏಳು. ಆಮೇಲೆ ಬದಲಿರಾಯರ ಚೀಟಿ. ಅದರ ಮೇಲೂ ಅವಳು ಮತ್ತೆ ಸಹಿ ಮಾಡಿಕೊಟ್ಟಳು. ಗುಮಾಸ್ತರು ತಿರುಗಿಸಿ ನೋಡಿ ಹಿಂದಕ್ಕೆ ತಳ್ಳಿದರು. "ಬಿಟ್ಟ ವಿಷಯಕ್ಕೆ ಮತ್ತೆ ಸೇರೋರು ಕಾರಣ ಬರೀಬೇಕು. ಇಲ್ಲಿ, ಕೆಳಗಡೆ."

ಬದಲಿರಾಯರು 'ಆಸಕ್ತಿ' ಎಂದು ಬರೆದರು. ಸರಿಯೆನಿಸದೆ ಹೊಡೆದುಹಾಕಿದರು. 'ಜ್ಞಾನಾರ್ಜನೆ' ಎಂದು ಬರೆದು ಅದನ್ನೂ ಹೊಡೆದರು. 'ಕೌಟುಂಬಿಕ' ಎಂದು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಆಸಕ್ತಿಗೇ ಬರಲೇ ಎಂದು ಪೆನ್ನು ಎತ್ತಿದರು. ಹೊರಗೆ ಹಾರನ್ ಬಡಿದುಕೊಳ್ಳುತ್ತಿತ್ತು. ಗುಮಾಸ್ತರ ಕೈ ಮತ್ತೆ ಬಾಗಿಲ ಕಡೆ ಹೊರಟಿತು. ಚೀಟಿಯಲ್ಲಿ ಉಳಿದಿದ್ದುದು ಒಂದು ಪದದಷ್ಟು ಜಾಗ.

ಹೆಂಡತಿ ಪೆನ್ನು ಕಿತ್ತುಕೊಂಡು ಆ ಜಾಗದಲ್ಲಿ ದಪ್ಪಕ್ಷರದಲ್ಲಿ 'ಹೆಂಡತಿ' ಎಂದು ಬರೆದಳು.

ಗುಮಾಸ್ತರು ಅದನ್ನು ಎರಡು ಸಲ ಓದಿದರು. "ಕಾರಣ ಸಮರ್ಪಕವಾಗಿದೆ," ಎಂದು ಹೇಳಿ ಮುದ್ರೆ ಒತ್ತಿದರು. ಕಿಟಕಿ ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ನಾದಿನಿ ಅಕ್ಕನ ಹೆಗಲಿಗೆ ಮುಖ ಒತ್ತಿ ಆಗ ಅತ್ತಳು. ಒಂದು ನಿಮಿಷದ ಮೇಲೆ ಗುಮಾಸ್ತರು ಪಕ್ಕದ ಬಾಗಿಲಿನಿಂದ ಹೊರಬಂದು, ಹಲಗೆಯ ಮೇಲಿನ ಆರನ್ನು ಒರೆಸಿ ಎಂಟು ಎಂದು ಬರೆದು, ಯಾರ ಮುಖವನ್ನೂ ನೋಡದೆ ಮನೆಗೆ ಹೋದರು.

ಮುಂದಿನ ವಾರ ಪಾಚಿಯ ತರಗತಿಗೆ ಹೆಸರುಗಳ ಪಟ್ಟಿ ಬಂತು. ನಾದಿನಿ ಮೊದಲ ಸಲ ಹಾಜರಿ ಕರೆದಳು. ಬದಲಿರಾಯರು "ಬಂದಿದೀನಿ" ಎಂದು ಹೇಳಿ, ನೋಟ್ಸು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು. ಮುಚ್ಚಳ ಹಾಕಿದರು. ಗಡಿಯಾರ ನೋಡಿದರು. ಬೆಂಚು ಗಟ್ಟಿಯಾಗಿದೆ ಅನ್ನಿಸಿತು. ಮುಂದಿನ ಬೆಂಚಿಗೆ ಹೋದರು. ಅಲ್ಲಿ ಗಾಳಿ ಸಾಲದು. ಕೊನೆಯ ಬೆಂಚಿಗೆ ಬಂದರು. ಹಾವಸೆ ಬೇರಿಲ್ಲದೆ ಬದುಕುವ ಕಥೆ ಅದೇ, ಹೇಳುವವಳೂ ಅವಳೇ, ಆದರೆ ಕಾಲು ತನ್ನಷ್ಟಕ್ಕೆ ಕುಣಿಯತೊಡಗಿತು. ಕಿಟಕಿಯಾಚೆ ಎದುರಿನ ಕಟ್ಟಡದಲ್ಲಿ ಯಾರೋ ಯಾವುದೋ ಬೇರೆ ವಿಷಯದ ಪಾಠ ಮಾಡುತ್ತಿದ್ದರು. ಇಲ್ಲಿಂದ ನೋಡಿದರೆ ಅದು ಬಹಳ ಸ್ವಾರಸ್ಯವಾಗಿರುವಂತೆ ಕಂಡಿತು. ಬದಲಿರಾಯರು ಅರ್ಧ ಎದ್ದರು.

ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಕಂಡಕ್ಟರು ಕಣ್ಣು ತೆರೆಯದೆಯೇ ಕೈ ಚಾಚಿ ಅವರ ಅಂಗಿಯ ತುದಿ ಹಿಡಿದು ಕೆಳಕ್ಕೆ ಎಳೆದರು.

"ಕೂತ್ಕೊಳ್ಳಿ ಯಜಮಾನ್ರೇ. ಇನ್ನು ಪರೀಕ್ಷೆವರೆಗೂ ಮಧ್ಯೆ ಎಲ್ಲೂ ಸ್ಟಾಪ್ ಇಲ್ಲ."